ಉತ್ತರ ಬಾರದಿದ್ದರೆ ಬದಲಿಲ್ಲ

ಇಂಗಳಗಿ ಪ್ರತಿಮನೆ
ಹದಿಮೂರನೆಯ ತಿಂಗಳ ನಲವತ್ತನೆಯ ದಿನ, ೨೪೧೭

ಹಿಂದಿನವರಾದ ನಿಮಗೆ ನೀಲಗಂಗವ್ವನ ನಮಸ್ಕಾರ.

ಈ ತಾರೀಕು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ನನ್ನ ಕೆಲವು ಮಾತುಗಳು ನಿಮ್ಮ ನಿಘಂಟಿನಲ್ಲಿಲ್ಲ. ಕ್ಷಮಿಸಿ. ಕಾಗದ ಹಿಂದಕ್ಕೆ ಹೇಗೆ ಬಂತೆಂದು ಕೇಳುತ್ತ ಕೂರಬೇಡಿ, ಹೇಳುವಷ್ಟು ಪುರಸೊತ್ತು ನನಗಿಲ್ಲ.

ಪ್ರತಿಮನೆ ಎಂದರೆ ನಾಡಿನ ಸುದ್ದಿಯ ಪ್ರತಿಗಳನ್ನು ಕಾಯ್ದಿಡುವ ಯಂತ್ರಗಳ ಮನೆ; ಇಂಗಳಗಿಯದನ್ನು ನೋಡಿಕೊಳ್ಳುವವಳು ನಾನು. ನಮ್ಮ ಒಣನಾಡಿನಲ್ಲಿ ಇಂಥವು ಐದಿವೆ. ಯಾವ ಬಾವಿಯ ನೀರು ಕುಡಿಯಬಹುದು, ಯಾವ ದಾರಿ ಮರಳಿನಲ್ಲಿ ಮುಚ್ಚಿದೆ, ಯಾರ ಮನೆಯಲ್ಲಿ ಹೆರಿಗೆ, ಎಲ್ಲವೂ ಐದರಲ್ಲೂ ಒಂದೇ ರೀತಿ ಇರುತ್ತದೆ. ಒಂದು ಸುಟ್ಟರೂ ನಾಲ್ಕು ಉಳಿಯುತ್ತವೆ. ಈ ಜಾಣತನ ನಿಮ್ಮಿಂದಲೇ ಬಂದದ್ದು, ಅದಕ್ಕೆ ಋಣಿ. ದಾರಿ ನಡೆಯುವವರು ತಮಗೆ ಬೇಕಾದಷ್ಟು ಸುದ್ದಿಯನ್ನು ಸೊಂಟದ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೊರಡುತ್ತಾರೆ. ಅದಕ್ಕೆ ಹತ್ತಿರನೆನಪು ಎನ್ನುತ್ತೇವೆ. ಪ್ರತಿ ಸಲವೂ ದೂರದ ಮನೆಯನ್ನು ಕಾಡಬೇಕಿಲ್ಲ.

ನೀರು ಮುಟ್ಟುವ ಮೊದಲು ಮಾತ್ರ ಪೆಟ್ಟಿಗೆಯಲ್ಲಿ “ಬದಲಾಗೇತೇನು?” ಎಂದು ಕೇಳುವುದು ಪದ್ಧತಿ. ಬದಲಾಗಿದ್ದರೆ ಪ್ರತಿಮನೆ ಹೇಳುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. “ಇಲ್ಲ ಅನ್ನಾಕ ಯಾಕ ಕರೆಂಟ್ ದಂಡ ಮಾಡ್ತೀರಿ?” ಎಂದು ನಮ್ಮ ಹಿರಿಯರು ಹಾಕಿಕೊಟ್ಟ ದಾರಿ. ಉಳಿತಾಯದ ಮಾತಲ್ಲವೇ, ಎಲ್ಲರೂ ತಲೆಯಾಡಿಸಿದರು.

ಮೊನ್ನೆ ಕರಿಕಲ್ಲು ಬಾವಿಯ ನೀರು ಕುಡಿದು ಕುರಿಗಾಹಿ ಸಿದ್ದಮಲ್ಲನೂ ಅವನ ಹಿಂಡೂ ಅಲ್ಲೇ ಸತ್ತುಬಿದ್ದರು. ಸುದ್ದಿ ಬಂದ ಕೂಡಲೇ ಆ ಬಾವಿಯ ಮುಂದಿದ್ದ ‘ಸಿಹಿ’ಯನ್ನು ನಾನು ‘ವಿಷ’ ಎಂದು ಬದಲಿಸಿದೆ. ಐದು ಮನೆಗಳಿಗೂ ಹೋಯಿತು, ಐದೂ ಸರಿಯಾಗಿವೆ. ಆದರೆ ನನ್ನ ಮಗಳು ಶಾಂಭವಿ ಅದಕ್ಕೂ ಮೊದಲೇ ಉಪ್ಪು ತರುವವರ ಜೊತೆ ಆ ದಾರಿ ಹಿಡಿದಿದ್ದಳು. ಅವಳ ಪೆಟ್ಟಿಗೆಯಲ್ಲಿ ಆ ಬಾವಿ ಇನ್ನೂ ಸಿಹಿ.

ಇವತ್ತು ಬೆಳಿಗ್ಗೆ ಮರಳುಗಾಳಿಯ ನಡುವೆ ಅವಳ ದನಿ ಬಂತು. “ಯವ್ವಾ, ಕರಿಕಲ್ಲು ಬಾವಿಗಿ ಬಂದೀವಿ. ಬದಲಾಗೇತೇನು?” ವಿಷ, ವಿಷ ಎಂದು ಗಂಟಲು ಹರಿಯುವಂತೆ ಕೂಗಿದೆ. ಆ ಬಾವಿಗೆ ಎಟುಕುವುದು ನಮ್ಮ ಪ್ರತಿಮನೆಯ ದನಿಗೋಪುರವೊಂದೇ. ಅದರ ಕಳಿಸುವ ತುದಿಯನ್ನು ಗಾಳಿ ಮುರಿದುಹಾಕಿತ್ತು. ಬರುವ ಮಾತು ಬರುತ್ತಿತ್ತು, ಹೋಗುವ ಮಾತು ಹೋಗುತ್ತಿರಲಿಲ್ಲ. ಅವಳು ಪದ್ಧತಿಯಂತೆ ಸ್ವಲ್ಪ ಹೊತ್ತು ಕಾದಳು. ಆಮೇಲೆ ಜೊತೆಯವರಿಗೆ ಹೇಳಿದ್ದು ಕೇಳಿಸಿತು: “ಏನೂ ಬದಲಿಲ್ಲ. ಕೊಡ ಇಳಸ್ರಿ.” ಹಗ್ಗ ಜಾರುವ ಸದ್ದೂ ಕೇಳಿಸಿತು. ಅದಾದ ಮೇಲೆ ಏನೂ ಕೇಳಿಸಿಲ್ಲ.

ನೀವು ಇವನ್ನೆಲ್ಲ ಈಗಷ್ಟೇ ಕಟ್ಟುತ್ತಿದ್ದೀರಿ. ಪ್ರತಿಗಳನ್ನು ಎಷ್ಟು ಬೇಕಾದರೂ ಮಾಡಿ. ಆದರೆ ಬದಲಾಗದಿದ್ದರೆ ‘ಇಲ್ಲ’ ಎಂದು ಬಾಯಿಬಿಟ್ಟು ಹೇಳಬೇಕು, ಆ ಮಾತು ಬರುವವರೆಗೆ ಯಾರೂ ಕೊಡ ಇಳಿಸಬಾರದು ಎಂದು ನಿಯಮ ಮಾಡಿ. ನಿಮ್ಮ ಕಾಲಿಗೆ ಬೀಳುತ್ತೇನೆ. ಹಾಗೆ ಮಾಡಿದರೆ ನನ್ನ ಮಗಳು ಈ ಹೊತ್ತಿಗೆ ಆ ಬಾವಿಯ ಕಟ್ಟೆಯ ಮೇಲೆ ಬಾಯಾರಿ ಕೂತು, ಉತ್ತರ ಕೊಡಲಿಲ್ಲವೆಂದು ನನ್ನನ್ನು ಬೈಯುತ್ತಿರುತ್ತಾಳೆ.