ಚರ್ಚ್ ಹಾಲ್ ತೆರೆದ ವಾರ

೪, ಸೋಮವಾರ. ಬೆಳಿಗ್ಗೆ

ಇವರ ಬಿಳಿ ನಿಲುವಂಗಿಗೆ ಇಸ್ತ್ರಿ ಆಯಿತು. ಕಾಲರ್ ಕಲೆ ಮಾತ್ರ ಹೋಗಲಿಲ್ಲ. ಅತ್ತೆಯ ಗೊಣಗಾಟ ಎಂದಿನಂತೆ — "ಕೆಲಸ ಪಾದ್ರಿದು, ಅಂಗಿ ನೋಡಿದ್ರೆ ಮೆಕ್ಯಾನಿಕ್‌ದು." ಹಲ್ಲು ಹೋದರೂ ನಾಲಿಗೆಗೆ ವಯಸ್ಸಾಗಿಲ್ಲ.

ಇವರು ಭಾನುವಾರದ ಪ್ರಸಂಗ ಈಗಲೇ ಬರೆಯಲು ಕೂತಿದ್ದಾರೆ. ಶನಿವಾರ ಸಭೆಯ ಕಮಿಟಿ ಅಧ್ಯಕ್ಷರ ಮಗಳ ಮದುವೆ, ಆಮೇಲೆ ಪುರುಸೊತ್ತಿಲ್ಲ. ಮದುವೆ ಊಟಕ್ಕೆಂದು ಚರ್ಚ್ ಹಾಲ್‌ಗೆ ಹೊಸ ಬಣ್ಣ. ವಾಸನೆ ನಮ್ಮ ಅಡುಗೆಮನೆವರೆಗೂ.

ನಿನ್ನೆ ಆರಾಧನೆಗೆ ಬಾಬಿನ್ ಅಕ್ಕ ಬಂದಿರಲಿಲ್ಲ. ಗಿರಣಿಯಲ್ಲಿ ಬಾಬಿನ್‌ಗೆ ನೂಲು ಸುತ್ತುವವಳು. ಕೊನೆಯ ಬೆಂಚು, ಜೋರು ದನಿ, ಹಾಡಿನಲ್ಲಿ ಎಲ್ಲರಿಗಿಂತ ಒಂದು ಸಾಲು ಮುಂದೆ. ಗಿರಣಿ ಲೈನಿನ ಮನೆಗಳಲ್ಲಿ ವಾಂತಿಭೇದಿ ಅಂತ ಯಾರೋ ಹೇಳಿದರು. ಹೋಗಿ ನೋಡಬೇಕು.

ಸಂಜೆ

ನೋಡಿ ಬಂದೆ. ಸೋಪು ಹಚ್ಚಿ ಹಚ್ಚಿ ಕೈ ತೊಳೆದು ಬರೆಯುತ್ತಿದ್ದೇನೆ.

ಅಕ್ಕಿ ತೊಳೆದ ನೀರಿನಂಥ ಭೇದಿ. ಗುಳಿಬಿದ್ದ ಕಣ್ಣು. ಬೆರಳು ಬಟ್ಟೆ ಒಗೆದವರ ಬೆರಳಿನಂತೆ ಸುಕ್ಕು. ಮದುವೆಯಾದ ಮೇಲೆ ನರ್ಸ್ ಕೆಲಸ ಬಿಟ್ಟೆ, ನಿಜ. ಆದರೆ ಆ ವಾಸನೆ ಮರೆಯುವಂಥದ್ದಲ್ಲ. ಕಾಲರಾ.

ಬಾಬಿನ್ ಅಕ್ಕ ಗಟ್ಟಿಯಾಗಿದ್ದಾಳೆ. ಮಲಗಿರುವುದು ಗಂಡ. ಪಕ್ಕದ ಮನೆಯಲ್ಲಿ ತಾಯಿ ಮಗಳು ಇಬ್ಬರೂ.

ಅಲ್ಲಿಂದ ಆರೋಗ್ಯ ಕೇಂದ್ರಕ್ಕೆ. ಮಂಚ ತುಂಬಿ, ನೆಲ ತುಂಬಿ, ಜನ ವರಾಂಡಕ್ಕೆ ಬಂದಿದ್ದಾರೆ. ಡಾಕ್ಟರಮ್ಮ ಒಬ್ಬಳೇ, ನನಗಿಂತ ಎಷ್ಟೋ ಚಿಕ್ಕವಳು. ನಿಂತಲ್ಲೇ ಹೇಳಿದಳು — "ಸಲೈನ್ ನಾಳೆ ಲಾರೀಲಿ ಬರುತ್ತೆ. ಜಾಗ ಬರಲ್ವಲ್ಲ ಲಾರೀಲಿ! ಒಂದು ದೊಡ್ಡ ಹಾಲ್, ನೀರು, ನಾಲ್ಕು ಕಕ್ಕಸು ಇದ್ರೆ ಇವರಲ್ಲಿ ಒಬ್ಬರೂ ಸಾಯಬೇಕಾಗಿಲ್ಲ."

ಹಾಲ್. ನೀರು. ಕಕ್ಕಸು. ಎಲ್ಲವೂ ನಮ್ಮ ಅಡುಗೆಮನೆ ಕಿಟಕಿಯಿಂದ ಕಾಣುತ್ತದೆ.

೫, ಮಂಗಳವಾರ

ಬೆಳಿಗ್ಗೆ ಇವರಿಗೆ ಹೇಳಿದೆ. ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಕೇಳುವುದರಲ್ಲಿ ಇವರನ್ನು ಮೀರಿಸುವವರಿಲ್ಲ.

"ಕಮಿಟಿ ಒಪ್ಪಬೇಕಲ್ಲ."

"ಒಪ್ಪಿಸಿ."

ಅಧ್ಯಕ್ಷರನ್ನು ಮನೆಗೆ ಕರೆಸಿದರು. ಕೆಟ್ಟ ಮನುಷ್ಯರಲ್ಲ. ಚರ್ಚಿನ ಚಾವಣಿ ಸೋರಿದಾಗ ತಾವೇ ಏಣಿ ಹತ್ತಿದವರು. ಆದರೆ ಹೆಂಡತಿಯಿಲ್ಲದೆ ಸಾಕಿದ ಒಬ್ಬಳೇ ಮಗಳು. "ಅಯ್ಯನವರೇ, ಬೇರೆ ಯಾವ ವಾರ ಬೇಕಾದ್ರೂ ಕೇಳಿ. ಶಾಲೆ ಇಲ್ವಾ? ಗಿರಣಿ ಗೋಡೌನ್ ಇಲ್ವಾ?"

ಶಾಲೆಯಲ್ಲಿ ಪರೀಕ್ಷೆ. ಗೋಡೌನಲ್ಲಿ ನೀರಿಲ್ಲ. ಇದನ್ನು ಹೇಳಿದವಳು ನಾನು. ಇವರು ಟೀ ಲೋಟ ತಿರುಗಿಸುತ್ತಾ ಕೂತಿದ್ದರು. ಕೊನೆಗೆ "ಪ್ರಾರ್ಥನೆ ಮಾಡೋಣ" ಅಂದರು. ಮಾಡಿದರು. ಚೆನ್ನಾಗಿತ್ತು. ಆಮೆನ್ ಅನ್ನಲು ನನಗೆ ಬಾಯಿ ಬರಲಿಲ್ಲ.

ಇವರು ರೋಗಿಗಳನ್ನು ನೋಡಲು ಹೋದರೂ ಬಾಗಿಲಲ್ಲೇ ನಿಂತು ಪ್ರಾರ್ಥಿಸುವವರು. ವಾಂತಿ ಕಂಡರೆ ಇವರಿಗೇ ವಾಂತಿ. ಗೊತ್ತು. ಇಷ್ಟು ವರ್ಷ ನಕ್ಕು ಸುಮ್ಮನಾಗಿದ್ದೆ. ಇವತ್ತು ನಗು ಬರಲಿಲ್ಲ.

೬, ಬುಧವಾರ. ರಾತ್ರಿ

ಬಾಬಿನ್ ಅಕ್ಕನ ಗಂಡ ಹೋದ. ಆರೋಗ್ಯ ಕೇಂದ್ರದ ವರಾಂಡದಲ್ಲಿ, ಚಪ್ಪಲಿಗಳ ಪಕ್ಕ. ಲಾರಿ ಬಂದಿತ್ತು. ಸಲೈನ್ ಬಾಟಲಿ ಇತ್ತು. ಕೂತು ಸೂಜಿ ಚುಚ್ಚಲು ಜಾಗವಿರಲಿಲ್ಲ.

ಮನೆಗೆ ಬಂದೆ. ಹಾಲ್‌ನ ಬೀಗದ ಕೈ ತಗೊಂಡೆ. ಅತ್ತೆ ಅಡ್ಡ ನಿಂತರು. "ಹಾದೀಲಿ ಹೋಗೋ ಮಾರೀನ ಮನೆಗೆ ಕರೀತೀಯೇನೇ?"

"ಮಾರಿ ಆಗ್ಲೇ ಬಂದಾಗಿದೆ, ಅತ್ತೆ. ಕೂರೋಕೆ ಜಾಗ ಹುಡುಕ್ತಿರೋದು ಜನ."

ಬಾಗಿಲು ತೆಗೆದೆ. ಡಾಕ್ಟರಮ್ಮನಿಗೆ ಹೇಳಿ ಕಳಿಸಿದೆ. ಬಣ್ಣದವನು ಬ್ರಷ್ ಎತ್ತಿಕೊಂಡು ಓಡಿದ. ಬೆಂಚುಗಳನ್ನು ಎರಡೆರಡು ಜೋಡಿಸಿ ಮಂಚ ಮಾಡಿದೆವು. ಅಲಂಕಾರದ ದೀಪಕ್ಕೆಂದು ಕಟ್ಟಿದ್ದ ತಂತಿಯಲ್ಲಿ ಸಲೈನ್ ಬಾಟಲಿ ತೂಗಿದವು. ಸಂಜೆಯ ಹೊತ್ತಿಗೆ ಕಾಲಿಡಲು ಜಾಗವಿಲ್ಲ.

ಬಾಬಿನ್ ಅಕ್ಕ ಮಣ್ಣು ಮಾಡಿ ನೇರ ಇಲ್ಲಿಗೇ ಬಂದಳು. ಸೆರಗು ಬಿಗಿದಳು. "ಅಮ್ಮಾ, ಅಳೋದು ಆಮೇಲಿದ್ದದ್ದೇ. ಯಾವ ಬಕೆಟ್ಟು ಹೇಳಿ."

ಇವರು ಗೇಟಿನಾಚೆ ನಿಂತಿದ್ದರು.

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ದೆ. ನಿನ್ನೆ."

೮, ಶುಕ್ರವಾರ. ಬೆಳಿಗ್ಗೆ

ನಿನ್ನೆ ಬರೆಯಲು ಆಗಲಿಲ್ಲ. ಬಾಬಿನ್ ಅಕ್ಕನ ಪಕ್ಕದ ಮನೆಯ ತಾಯಿ ಮಗಳಲ್ಲಿ ಮಗಳು ಎದ್ದು ಕೂತಿದ್ದಾಳೆ. ತಾಯಿ… ಇನ್ನೂ ಹೇಳಲಾಗದು. ಅತ್ತೆ ಹಳೆ ಹಾಸಿಗೆ ಬಟ್ಟೆ ಹರಿದು ಹರಿದು ಕಳಿಸುತ್ತಿದ್ದಾರೆ, ಬೈಗುಳವನ್ನೂ ಜೊತೆಗೇ.

ಇವರು ಬಂದರು, ಕಿಟಕಿಯ ಹೊರಗೆ. ಕಣ್ಣು ಒಳಗೆ ಹಾಯಿಸಲಿಲ್ಲ. "ಮೈದಾನದಲ್ಲಿ ಟೆಂಟ್ ಹಾಕಿಸಿ ಕೊಡ್ತಾರಂತೆ ಅಧ್ಯಕ್ಷರು. ಮಧ್ಯಾಹ್ನದೊಳಗೆ ಎಲ್ಲರನ್ನೂ ಅಲ್ಲಿಗೆ—"

ಡಾಕ್ಟರಮ್ಮ ಸೂಜಿಯಿಂದ ತಲೆ ಎತ್ತಲಿಲ್ಲ. "ಡ್ರಿಪ್ ಕಿತ್ತು ಬಿಸಿಲಲ್ಲಿ ಹೊತ್ಕೊಂಡು ಹೋದ್ರೆ ಎಷ್ಟು ಜನ ತಲುಪ್ತಾರೆ ಅಂತ ಅವರನ್ನೇ ಕೇಳಿ, ಪಾದ್ರಿಗಳೇ."

"ಆಳು ಕರ್ಕೊಂಡು ಬರ್ತಾರೆ. ನಾನೇನು ಮಾಡ್ಲಿ, ಹೇಳು?"

ಬಕೆಟ್ ಎತ್ತಿಕೊಂಡು ಮುಂದಿನ ರೋಗಿಯ ಹತ್ತಿರ ಹೋದೆ. ಮಧ್ಯಾಹ್ನಕ್ಕೆ ಇನ್ನೆಷ್ಟು ಹೊತ್ತು ಅಂತ ಗಡಿಯಾರ ನೋಡುತ್ತಲೇ ಇದ್ದೇನೆ.

ಸಂಜೆ

ಬಂದರು. ಅಧ್ಯಕ್ಷರು, ನಾಲ್ಕು ಜನ ಗಟ್ಟಿಮುಟ್ಟು ಆಳುಗಳು, ಹಿಂದೆ ಮದುಮಗಳು. ಇವರು ಹಾಲ್‌ನ ಮೆಟ್ಟಿಲ ಮೇಲೆ ನಿಂತಿದ್ದರು. ಯಾವಾಗ ಬಂದು ನಿಂತರೋ ನಾನು ನೋಡಲಿಲ್ಲ. ಯಾರ ಪರ ನಿಂತಿದ್ದಾರೆ, ಅದೂ ಗೊತ್ತಿರಲಿಲ್ಲ.

"ಸರೀರಿ, ಅಯ್ಯನವರೇ."

"ಒಳಗೆ ಬನ್ನಿ. ಒಬ್ಬರ ಮುಖ ನೋಡಿ. ಆಮೇಲೆ ಹೊರಗೆ ಹಾಕಿ ಅಂತ ನೀವೇ ಹೇಳಿ."

ಅಧ್ಯಕ್ಷರು ಹೊಸ್ತಿಲು ದಾಟಲಿಲ್ಲ. "ಗಂಡಿನ ಕಡೆಯವರು ಫೋನ್ ಮಾಡಿದ್ರು. ಕಾಂಪೌಂಡಲ್ಲಿ ಕಾಲರಾ ಇದ್ರೆ ಚರ್ಚಿಗೂ ಬರಲ್ಲ ಅಂತಾರೆ. ನನ್ನ ಮಗಳ ಮದುವೆ ಇದು! ತಾಯಿ ಇಲ್ಲದ ಮಗು!"

"ಗೊತ್ತು" ಅಂದರು ಇವರು. ಪ್ರಸಂಗ ಪೀಠದ ಮೇಲಿನ ದನಿ ಅಲ್ಲ, ಕೇಳಲೂ ಕಷ್ಟ. "ಗೊತ್ತಿದ್ದೇ ಹೇಳ್ತಿದ್ದೀನಿ. ಈ ಬಾಗಿಲು ನಾನು ಮುಚ್ಚಲ್ಲ. ಮಂಗಳವಾರನೇ ತೆಗೀಬೇಕಾಗಿತ್ತು. ತೆಗೆದಿದ್ರೆ ಒಬ್ಬ ಬದುಕ್ತಿದ್ದ."

ಬಾಬಿನ್ ಅಕ್ಕ ಒಳಗೆ ನೆಲ ಒರೆಸುತ್ತಿದ್ದಳು. ಬಟ್ಟೆ ನಿಂತಿತು. ಮತ್ತೆ ಒರೆಸತೊಡಗಿತು.

"ಹಾಗಾದ್ರೆ ಈ ಸಭೆಯಲ್ಲಿ ನಿಮ್ಮ ಋಣ ತೀರ್ತು" ಅಂದರು ಅಧ್ಯಕ್ಷರು. ಆಳುಗಳು ಮುಂದೆ ಬರಲಿಲ್ಲ. ಒಬ್ಬ ಆಗಲೇ ಬಾಗಿಲಿಂದ ಇಣುಕಿ, ಗುರುತಿನವರು ಯಾರೋ ಕಂಡು, ಟೋಪಿ ತೆಗೆದಿದ್ದ.

ಹೋಗುವಾಗ ಮದುಮಗಳು ನನ್ನ ಹತ್ತಿರ ಬಂದಳು. ಭಾನುವಾರದ ಶಾಲೆಯಲ್ಲಿ ನಾನೇ ಅಕ್ಷರ ಕಲಿಸಿದ ಹುಡುಗಿ. "ಆಂಟಿ, ನನ್ನ ಮದುವೆ ದಿನ ಅಂದ್ರೆ ಇನ್ಮೇಲೆ ನನಗೆ ಇದೇ ವಾಸನೆ ನೆನಪಾಗುತ್ತೆ."

ಅವಳು ಹೇಳಿದ್ದು ನಿಜ.

ಇವರು ಹಾಲ್‌ನ ಹಿಂದೆ ಹೋಗಿ ವಾಂತಿ ಮಾಡಿಕೊಂಡರು. ಬಾಯಿ ತೊಳೆದು ಬಂದು, ಅಂಗಿಯ ತೋಳು ಮಡಿಸಿ, ತುಂಬಿದ ಬಕೆಟ್ ಎತ್ತಿ — "ಇದನ್ನ ಎಲ್ಲಿ ಚೆಲ್ಲಬೇಕು?"

"ಬ್ಲೀಚಿಂಗ್ ಪೌಡರ್ ಹಾಕಿ, ಗುಂಡಿಗೆ. ಮೂಗು ಮುಚ್ಕೊಳ್ಳಿ."

೧೦, ಭಾನುವಾರ

ಮದುವೆ ನಿನ್ನೆ ಪಕ್ಕದೂರಿನ ಚರ್ಚಿನಲ್ಲಿ ಆಯಿತಂತೆ. ಒಳ್ಳೆಯದಾಗಲಿ. ಮನಸಾರೆ ಅಂದೆ.

ಆರಾಧನೆಗೆ ಅರ್ಧಕ್ಕರ್ಧ ಬೆಂಚು ಖಾಲಿ. ಇವರು ಪ್ರಸಂಗ ಮಾಡಲಿಲ್ಲ. ಬರೆದ ಹಾಳೆ ಮನೆಯಲ್ಲೇ ಬಿಟ್ಟಿದ್ದರು. "ನೀರು ಕುಡಿಸೋಕೆ ಕೈ ಸಾಲ್ತಿಲ್ಲ. ನಾನು ಹೋಗ್ತೀನಿ, ಬರೋರು ಬನ್ನಿ" ಅಂದು ಪೀಠ ಇಳಿದರು. ಟೈಲರ್ ಬಂದ. ಆರ್ಗನ್ ನುಡಿಸುವವಳು ಬಂದಳು. ಇನ್ನೂ ಕೆಲವರು, ಮೂಗಿಗೆ ಕರ್ಚೀಫು. ಬಹಳ ಜನ ಮನೆಗೆ ಹೋದರು.

ಆ ತಾಯಿ ಬೆಳಿಗ್ಗೆ ತೀರಿಕೊಂಡಳು. ಮಗಳಿಗೆ ಹೇಳಿದವರು ಇವರು. ಬಾಗಿಲಲ್ಲಿ ನಿಂತಲ್ಲ, ನೆಲದ ಮೇಲೆ ಪಕ್ಕದಲ್ಲಿ ಕೂತು.

೧೩, ಬುಧವಾರ

ಇವರಿಗೆ ಬಂದಿದೆ.

ಸೋಮವಾರ ರಾತ್ರಿ ಶುರು. ಎಲ್ಲರಿಗೂ ಕೈ ತೊಳೆಯಿರಿ ಅಂದವಳು ನಾನು. ಇವರ ಮೇಲೆ ಕಣ್ಣಿಡಲಿಲ್ಲ. ಕಿಟಕಿ ಪಕ್ಕದ ಮಂಚ. ನರ ಸಿಗುತ್ತಿಲ್ಲ. ನಾನು ಎರಡು ಸಲ ಚುಚ್ಚಿ ತಪ್ಪಿಸಿದೆ, ಡಾಕ್ಟರಮ್ಮ ಸೂಜಿ ಕಿತ್ತುಕೊಂಡಳು. "ನೀವು ಹೆಂಡತಿ ಈಗ. ಆ ಕಡೆ ಕೂತ್ಕೊಳ್ಳಿ."

ಚರ್ಚಿನ ಮೇಲಿನ ಆಫೀಸಿಂದ ಫೋನ್. ತಿಂಗಳ ಕೊನೆಗೆ ವರ್ಗ, ದೂರಕ್ಕೆ. ಹೇಳಲೋ ಬೇಡವೋ ಅಂದುಕೊಂಡು ಹೇಳಿದೆ. ಒಣ ತುಟಿಯಲ್ಲೇ — "ಅಲ್ಲಿ… ಹಾಲ್ ಇದೆಯಂತಾ?"

ಅಳುವ ಹೊತ್ತಿನಲ್ಲಿ ನಗಿಸಿಬಿಟ್ಟರು.

ನಿನ್ನೆಯಿಂದ ಮೂತ್ರ ಬಂದಿಲ್ಲ. ಕಿಡ್ನಿ ನಿಂತರೆ ಮುಗಿಯಿತು. ಅತ್ತೆ ಮಗನ ತಲೆದೆಸೆಯಲ್ಲಿ ಕೂತಿದ್ದಾರೆ. ಬೈಯುತ್ತಿಲ್ಲ. ಅದೇ ಹೆಚ್ಚು ಹೆದರಿಕೆ.

೧೪, ಗುರುವಾರ. ಬೆಳಿಗ್ಗೆ

ಮೂತ್ರ ಬಂತು! ದೇವರಿಗೆ ಸ್ತೋತ್ರ. ಪಾದ್ರಿಯ ಹೆಂಡತಿ ಇಂಥದ್ದಕ್ಕೆ ಮೊಣಕಾಲೂರಿದ್ದು ಯಾವ ಸಭೆಯಲ್ಲೂ ಇರಲಿಕ್ಕಿಲ್ಲ. ಬಾಬಿನ್ ಅಕ್ಕ ಹಾಲ್‌ಗೆಲ್ಲ ಕೇಳುವಂತೆ ಸಾರಿದಳು. ಇವರು ಮುಖ ಗೋಡೆಗೆ ತಿರುಗಿಸಿಕೊಂಡರು.

ಸಂಜೆ

ತಾವೇ ಎದ್ದು ಕೂತರು. ಲೋಟ ತಾವೇ ಹಿಡಿದರು. ಇನ್ನೂ ಕಾಲು ನಿಲ್ಲದು, ಎರಡು ದಿನ ಮಂಚ ಬಿಟ್ಟು ಏಳಬಾರದು ಅಂದಿದ್ದಾಳೆ ಡಾಕ್ಟರಮ್ಮ.

ಗೇಟಿನಲ್ಲಿ ಗಾಡಿ ಸದ್ದು. ಇಬ್ಬರು ಯಾರನ್ನೋ ಹೊತ್ತು ತರುತ್ತಿದ್ದಾರೆ. ಮಂಚ ಒಂದೂ ಖಾಲಿಯಿಲ್ಲ. ಇವರು ನನ್ನನ್ನು ನೋಡಿದರು, ಬಾಗಿಲು ನೋಡಿದರು. ಗೋಡೆ ಹಿಡಿದು ಕಾಲು ಕೆಳಗಿಟ್ಟರು. "ಬೆಡ್‌ಶೀಟ್ ಬದಲಾಯಿಸು. ನನಗೆ ಆ ಮೂಲೆ ಸಾಕು." ಬೇಡ ಅನ್ನಬೇಕು. ಅನ್ನುವುದರೊಳಗೆ ಆಗಲೇ ದಿಂಬು ಎತ್ತಿಕೊಂಡು ಮೂಲೆಗೆ ನಡೆದಿದ್ದರು. ಬೆಡ್‌ಶೀಟ್ ಬದಲಾಯಿಸಲು ಹೊರಟೆ.