ಬಂತು ಅಂತ ಬರೆಯುವ ಮೊದಲು

ನೇಸರಗಿ,
ತಾ. 16-9-2025, ಮಂಗಳವಾರ

ಪ್ರೀತಿಯ ಮೊಮ್ಮಗಳು ಮಾಲಾಗೆ, ನಿನ್ನ ಅಜ್ಜನ ತುಂಬು ಆಶೀರ್ವಾದ.

ಕೆಮ್ಮು ಹೇಗಿದೆ? ಕಡಕ್ ರೊಟ್ಟಿ, ಅಗಸಿ ಚಟ್ನಿ ಮುಟ್ಟಿದವೋ, ಇಲ್ಲ ನಿನ್ನ ರೂಮಿನ ಹುಡುಗಿಯರೇ ಮುಗಿಸಿದರೋ? ಇಲ್ಲಿ ಎಲ್ಲರೂ ಅರಾಮ. ನಿಮ್ಮಪ್ಪ ಸೋಯಾಬೀನ್ ಕೊಯ್ಲಿಗೆ ಆಳು ಹುಡುಕುತ್ತ ತಿರುಗುತ್ತಿದ್ದಾನೆ. ನನ್ನ ಮಂಡಿ ಮಳೆಯ ಸುದ್ದಿಯನ್ನು ಟಿ.ವಿ.ಯವರಿಗಿಂತ ಮೊದಲೇ ಹೇಳುತ್ತದೆ. ನಿನ್ನನ್ನು ನೋಡದೆ ಹದಿನಾಲ್ಕು ತಿಂಗಳಾಯಿತವ್ವಾ. ಊಟಕ್ಕೆ ಕೂತಾಗ ಈಗಲೂ ನಿನ್ನ ಜಾಗ ಬಿಟ್ಟೇ ಕೂರುತ್ತೇವೆ, ಹಾಗೆ ಮಾಡಿ ಎಂದು ಯಾರೂ ಹೇಳಿಲ್ಲ. ಫೋನ್ ಬಿಟ್ಟು ಪತ್ರ ಯಾಕೆ ಅಂದರೆ, ನಾನು ಫೋನ್ ಹಿಡಿದರೆ ಸಾಕು, ನಮ್ಮ ಮುದುಕಿ, ನಿನ್ನ ಆಯಿ, “ಸ್ಪೀಕರ್ ಹಾಕ್ರಿ” ಎಂದು ಪಕ್ಕಕ್ಕೆ ಬಂದು ಕೂರುತ್ತಾಳೆ. ಇದು ಆಕೆಯ ಕಿವಿಗೆ ಬೀಳಬಾರದ ಮಾತು.

ಹೋದ ಸೋಮವಾರ ನಿನ್ನ ಪೈಲಟ್ ಕೋರ್ಸಿನ ಲೆಕ್ಕಕ್ಕೆ ನೀನು ಒಬ್ಬಳೇ ವಿಮಾನ ಹಾರಿಸಿಕೊಂಡು ರಾಮದುರ್ಗ, ಬೈಲಹೊಂಗಲ ದಾಟಿ, ನಮ್ಮೂರ ಮೇಲಿಂದ ಹಾದು ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇಳಿಯುತ್ತೇನೆ ಎಂದಿದ್ದೆಯಲ್ಲ, ಆವತ್ತು ನಿನ್ನ ಆಯಿ ನಸುಕಿನಲ್ಲೇ ಮಿಂದು, ನಿನ್ನ ಹಳೇ ಫ್ರಾಕುಗಳನ್ನು ಸೇರಿಸಿ ಹೊಲಿದ ಕೌದಿಯನ್ನು ಮಾಳಿಗೆಯ ಮೇಲೆ ಹಾಸಿ, ನಾಲ್ಕು ಮೂಲೆಗೂ ಕಲ್ಲು ಹೇರಿದಳು. “ಮ್ಯಾಲಿಂದ ಕೂಸಿಗೆ ಮನಿ ಗುರ್ತ ಸಿಗಬೇಕಲ್ರಿ” ಅಂದಳು. ಅಷ್ಟೆತ್ತರದಿಂದ ನಮ್ಮ ಮನೆ ಕಡ್ಡಿಪೆಟ್ಟಿಗೆಯಷ್ಟೂ ಕಾಣುವುದಿಲ್ಲ ಎಂದರೆ ಯಾರು ಕೇಳುತ್ತಾರೆ! ಹನ್ನೊಂದರ ಸುಮಾರಿಗೆ ಮೋಡದಾಚೆ ಯಾವುದೋ ವಿಮಾನ ಗುಡುಗಿಕೊಂಡು ಹೋಯಿತು. ಕಣ್ಣಿಗೇನೂ ಕಾಣಲಿಲ್ಲ. ಆಕೆ ಮಾತ್ರ ಸೆರಗು ಬೀಸಿ “ನಮ್ಮ ಮಾಲಾ ಬಂದ್ಲು” ಎಂದು ಅತ್ತಳು, ಹೊಸ್ತಿಲಿಗೆ ಕಾಯಿ ಒಡೆದಳು, ಓಣಿಗೆಲ್ಲ ಸಕ್ಕರೆ ಹಂಚಿದಳು. ಆಮೇಲೆ ನಿನ್ನ ಫೋನ್ ಬಂತು. ತೊರಗಲ್ ಕೋಟೆಯ ಹತ್ತಿರ ಮೋಡ ದಟ್ಟವಾಗಿ, ಅಲ್ಲಿಂದಲೇ ಹಿಂದಕ್ಕೆ ಹೊರಳಿ ಹೋದೆನೆಂದು ಬಿಕ್ಕುತ್ತಿದ್ದೆ. ಆಗ ನಾನು ಹಿತ್ತಲಿನಲ್ಲಿದ್ದದ್ದು ಪುಣ್ಯ, ಆಕೆಗೆ ಕೇಳಲಿಲ್ಲ.

ಹೊರಳಿದ್ದು ಸರಿ ಮಾಡಿದೆ, ಅದರಲ್ಲಿ ನಾಚಿಕೆ ಬೇಡ. ಆದರೆ ನೀನು ಆವತ್ತು ಕೇಳಿದ್ದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೇರೆ ಊರಲ್ಲಿ ಇಳಿದರೆ ಮಾತ್ರ ಆ ತಾಸುಗಳು ಕ್ರಾಸ್ ಕಂಟ್ರಿ ಎಂದು ಲಾಗ್‌ಬುಕ್ಕಿನಲ್ಲಿ ಹಿಡಿಯುತ್ತಾರೆ, ಜೊತೆಯವರದೆಲ್ಲ ಮುಗಿದಿದೆ, ನಿನ್ನದೊಂದೇ ಬಾಕಿ. ಕಲಿಸುವ ಸಾಹೇಬರು “ಇಳಿದ್ ಬಂದೆ ಅಂತ ಬರದ್ ಬಿಡು, ಸಹಿ ನಾ ಮಾಡ್ತೇನಿ” ಎಂದರಂತೆ. “ಬರೀಲೇನ ಅಜ್ಜಾ?” ಎಂದೆ.

ನಾನು ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದೆ, ಬಸ್ಸು ಬಂದ ಹೊತ್ತು ಹೋದ ಹೊತ್ತು ಬರೆಯುವುದೇ ನನ್ನ ಕೆಲಸ, ಇದು ನಿನಗೆ ಗೊತ್ತು. ಯಾರಿಗೂ ಗೊತ್ತಿಲ್ಲದ್ದು ಒಂದಿದೆ. ಒಂದು ಮಳೆಗಾಲ, ಸಂಜೆಯ ಕೊನೇ ಬಸ್ಸು ಬರುವ ಮೊದಲೇ “ಬಂತು” ಎಂದು ಬರೆದು ಮನೆಗೆ ಹೋದೆ. ಪರಸಪ್ಪ ಡ್ರೈವರ್ ಒಂದು ದಿನವೂ ತಪ್ಪಿಸಿದವನಲ್ಲ, ಬಂದೇ ಬರುತ್ತಾನೆಂಬ ಧೈರ್ಯ. ಬಸ್ಸು ಹಳ್ಳದ ನೀರಿನಲ್ಲಿ ಸಿಕ್ಕಿತ್ತು. ಬಾಯವ್ವ ಎಂಬ ಮುದುಕಿಯ ಮಗ ತಾಯಿ ಬರಲಿಲ್ಲವಲ್ಲ ಎಂದು ಸ್ಟ್ಯಾಂಡಿಗೆ ಬಂದನಂತೆ. ಕಾವಲಿನವನು ನನ್ನ ಬರಹ ತೋರಿಸಿ “ಬಸ್ಸು ಬಂದೈತಲ್ಲಪಾ” ಎಂದ. ತಾಯಿ ಮಗಳ ಮನೆಯಲ್ಲೇ ಉಳಿದಿರಬೇಕೆಂದು ಆತ ಹೊರಟುಹೋದ. ಬೆಳಗಾಗುವವರೆಗೆ ಯಾರೂ ಹುಡುಕಲಿಲ್ಲ. ಉಳಿದವರೆಲ್ಲ ಬಸ್ಸಿನ ಮೇಲೆ ಕುಳಿತು ಬದುಕಿದರು, ಬಾಯವ್ವ ಥಂಡಿ ತಡೆಯಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಬಂತು ಎಂದು ಬರೆದ ಮೇಲೆ ಯಾರೂ ಕಾಯುವುದಿಲ್ಲ ಮಾಲಾ. ಬರೆಯಬೇಡ. ಕೋರ್ಸು ಎರಡು ತಿಂಗಳು ತಡವಾಗಲಿ, ನೀನು ಊರಿಗೆ ಬರುವುದೂ ತಡವಾಗಲಿ.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎನ್ನುತ್ತಾರಲ್ಲ, ನನ್ನ ಪಾಡೂ ಅದೇ. ನೀನು ಬಂದಿರಲಿಲ್ಲ ಎಂದು ನಿನ್ನ ಆಯಿಗೆ ನಾನಿನ್ನೂ ಹೇಳಿಲ್ಲ. ಎಂಟು ದಿನದಿಂದ ಓಣಿ, ಸಂತೆ, ಆಕೆ ಹೋದಲ್ಲೆಲ್ಲ ಅದೇ ಮಾತು, ನಾನು ಪಕ್ಕದಲ್ಲಿ ಗೋಣು ಹಾಕುತ್ತ ನಿಲ್ಲುತ್ತೇನೆ. ಆಕೆಯ ಮುಖ ಸಣ್ಣದಾಗುವುದನ್ನು ನೋಡಲು ನನಗೆ ಧೈರ್ಯವಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಮೋಡ ಕಂಡರೆ ಇನ್ನೊಮ್ಮೆಯೂ ಹೊರಳು. ದೇವರು ನಿನ್ನ ಬೆನ್ನಿಗಿರಲಿ.

ನಿನ್ನ ಅಜ್ಜ,
ದುಂಡಪ್ಪ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಆಕೆ ಚಹಾ ತಂದಳು, ಯಾರಿಗೆ ಕಾಗದ ಅಂದಳು. ತಡೆಯಲಾಗದೆ ಎಲ್ಲ ಹೇಳಿಬಿಟ್ಟೆ, ಬಾಯವ್ವನದನ್ನೂ. ಬಾಯವ್ವನ ಹೆಸರಿನಲ್ಲಿ ದೇವರ ಮುಂದೆ ಒಂದು ದೀಪ ಹಚ್ಚಿ ಬಂದಳು. ನಿನ್ನದಕ್ಕೆ ಅಳುತ್ತಾಳೆಂದುಕೊಂಡಿದ್ದೆ, ಅಳಲಿಲ್ಲ. “ಹಂಗಾರ ಆಕಿ ಬರೂದು ಇನ್ನಾ ಐತಿ ಅಂದಂಗಾತು! ಎಂಟ್ ದಿನ ಯಾಕ ಸುಮ್ಮ ಕುಂತಿದ್ರಿ?” ಎಂದು ನನ್ನನ್ನೇ ಬೈದು, ನಿನ್ನ ಮುಂದಿನ ತಾರೀಖು ಕೇಳಿ ಬರೆಯಿರಿ ಎಂದು ಎದುರಿಗೇ ನಿಂತಿದ್ದಾಳೆ. ತಿಳಿಸು.