ಸಾಸಿವೆ ಸಿಡಿಯದ ಮನೆ

|| ಶ್ರೀ ||

ನರೇಗಲ್,
೯ ಏಪ್ರಿಲ್ ೧೯೫೮

ರೋಣದಲ್ಲಿರುವ ಯಜಮಾನರಾದ ಜಯತೀರ್ಥರ ಸನ್ನಿಧಿಗೆ, ವೆಂಕೂಬಾಯಿಯ ನಮಸ್ಕಾರಗಳು.

ಇತ್ತ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ಬರೆದಿದ್ದೇನೆ ಎಂದು ತಿಳಿದುಕೊಳ್ಳಿ. ನಿಮ್ಮ ಕ್ಷೇಮ ನಿಮ್ಮ ಕಾಗದದಿಂದಲೇ ತಿಳಿಯಿತು. ಅಕ್ಷರ ಮೊದಲಿನಂತೆಯೇ ದುಂಡಗಿವೆ.

ನಾನು ಮೆಣಸಗಿಯ ಮನೆ ಬಿಟ್ಟು ತವರಿಗೆ ಬಂದು ವರ್ಷವಾಗುತ್ತ ಬಂತು. ಇದು ನಿಮ್ಮ ಮೊದಲ ಕಾಗದ. ಒಡೆಯುವ ಮೊದಲು ಕೈ ತೊಳೆದುಕೊಂಡೆ, ಸುಳ್ಳೇಕೆ ಹೇಳಲಿ. ಓದಿದ ಮೇಲೆ ನಗು ಬಂತು. ನರೇಗಲ್ ಕಡೆ ಸಿಡುಬು ಎದ್ದಿದೆಯೆಂದು ಕಚೇರಿಗೆ ಸುದ್ದಿ ಬಂದಿದೆ, ಜನ ಬಾಯಿ ಬಿಡುತ್ತಿಲ್ಲ, ನಿಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಒಗ್ಗರಣೆ ನಿಂತಿದೆ ಎಂಬುದನ್ನು ಕೂಡಲೇ ತಿಳಿಸು ಎಂದು ಪುಟದ ತುಂಬ ಬರೆದಿದ್ದೀರಿ. ಕೆಳಗೆ ಸ್ವಲ್ಪ ಜಾಗ ಉಳಿದಿತ್ತೆಂದು ಕಾಣುತ್ತದೆ, "ನೀನೂ ಬಂದುಬಿಡು" ಎಂದು ಸೇರಿಸಿದ್ದೀರಿ.

ಒಗ್ಗರಣೆಯ ಈ ವಿದ್ಯೆ ನಿಮಗೆ ಯಾವ ಟ್ರೇನಿಂಗಿನಲ್ಲಿ ಸಿಕ್ಕಿತು ಎಂಬುದು ನೆನಪಿದೆಯಷ್ಟೇ? ದೇವಿ ಹಾಕುವ ಇನ್ಸ್‌ಪೆಕ್ಟರ್ ಎಂದು ನೀವು ಮೆಣಸಗಿಗೆ ಬಂದ ಹೊಸತು. ತೋಳಿಗೆ ಲಸಿಕೆ ಚುಚ್ಚಲು ಹೋದಲ್ಲೆಲ್ಲ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಸಿಡುಬು ಎದ್ದವರನ್ನು ಒಳಕೋಣೆಯಲ್ಲಿ ಮಲಗಿಸಿ, ನಮ್ಮಲ್ಲಿ ಯಾರಿಗೂ ಏನೂ ಇಲ್ಲ ಎನ್ನುತ್ತಿದ್ದರು. ನೀವು ಉಂಡ ಅನ್ನ ಮೈಗೆ ಹತ್ತದೆ ಸೊರಗುತ್ತಿದ್ದಿರಿ. ಹೊಳೆಸಾಲಿನ ಹಳ್ಳಿಗಳಲ್ಲಿ ಯಾರು ಸತ್ತರೂ ನಿಮ್ಮ ಮನೆಯವರೇ ಸತ್ತಂತೆ ಕೂಡುತ್ತಿದ್ದಿರಿ. ಆ ಜಯತೀರ್ಥರನ್ನು ನಾನು ಮರೆತಿಲ್ಲ. ಮರೆತಿದ್ದರೆ ಈ ಕಾಗದಕ್ಕೆ ಉತ್ತರವನ್ನೂ ಬರೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಿಮಗೆ ಬಡಿಸುತ್ತ ನಾನು ಸುಮ್ಮನೆ ಓಣಿಯ ಸುದ್ದಿ ಆಡಿದೆ. "ಅಯ್ಯಪ್ಪನ ಮನ್ಯಾಗ ಈಗೀಗ ಒಗ್ಗರಣಿ ಸಪ್ಪಳನ ಇಲ್ಲ ನೋಡ್ರಿ. ಬರೇ ನುಚ್ಚು ಮಜ್ಜಿಗಿ ಉಣ್ಣಾಕತ್ತಾರಂತ." ನಿಮ್ಮ ಕೈಯ ತುತ್ತು ಅಲ್ಲೇ ನಿಂತಿತು. ಯಾಕೆ ಎಂದು ಕೇಳಿದಿರಿ. ಮನೆಯಲ್ಲಿ ತಾಯಿ ಬಂದಾಗ, ಎಂದರೆ ಸಿಡುಬು ಎದ್ದಾಗ, ಒಲೆಯ ಮೇಲೆ ಎಣ್ಣೆ ಕಾಯಿಸಬಾರದು, ಸಾಸಿವೆ ಸಿಡಿಸಬಾರದು, ಸಿಡಿದರೆ ತಾಯಿ ಮುನಿಯುತ್ತಾಳೆ ಎಂದು ನಾನೇ ಹೇಳಿಕೊಟ್ಟೆ. ನಿಮ್ಮ ಮನೆಯಲ್ಲೂ ಹಾಗೇ ನಡೆಯುತ್ತಿತ್ತು, ನಿಮಗೇ ಗೊತ್ತಿರಲಿಲ್ಲ. ಗಂಡಸರಿಗೆ ಅಡುಗೆಮನೆಯ ಸದ್ದು ಕೇಳುವುದು ತಾಟಿನ ಮುಂದೆ ಕೂತಾಗ ಮಾತ್ರ.

ಮರುದಿನ ಪೊಲೀಸರನ್ನು ಕರೆಸಿದಿರಿ. ಅಯ್ಯಪ್ಪನ ಮನೆಯ ಬಾಗಿಲು ಮುರಿಸಿ, ಅವನ ಮುದಿ ತಾಯಿಯನ್ನು ಹೊರಸಿನ ಸಮೇತ ಎತ್ತಿಸಿ ಊರ ಹೊರಗಿನ ಶೆಡ್ಡಿಗೆ ಹಾಕಿದಿರಿ. ಬೇವಿನ ಎಲೆ ಓಣಿಯ ತುಂಬ ಉದುರಿದವು. ಮುದುಕಿ ಆ ಶೆಡ್ಡಿನಲ್ಲೇ ಹೋದಳು, ಬಾಯಿಗೆ ನೀರು ಬಿಡಲು ಮನೆಯವರನ್ನು ನೀವು ಬಿಡಲಿಲ್ಲ. ಓಣಿಯವರನ್ನು ಸಾಲಾಗಿ ನಿಲ್ಲಿಸಿ ಚುಚ್ಚಿದಿರಿ. ರೋಗ ಅಲ್ಲಿಗೇ ನಿಂತಿತು, ಅದೂ ಖರೆ. ಆದರೆ ಪಕ್ಕದ ಮನೆಯ ರೇಣವ್ವ ಪೊಲೀಸರನ್ನು ಕಂಡು ಹೆದರಿ ತನ್ನ ಎರಡೂ ಹೆಣ್ಣುಮಕ್ಕಳನ್ನು ಹತ್ತಿ ತುಂಬಿದ ಕೋಣೆಯಲ್ಲಿ ಬಚ್ಚಿಟ್ಟಳು. ಆ ತೋಳುಗಳಿಗೆ ನಿಮ್ಮ ಸೂಜಿ ಮುಟ್ಟಲಿಲ್ಲ.

ರೇಣವ್ವನ ತವರೂ ಇದೇ ನರೇಗಲ್ ಎಂಬುದು ನಿಮಗೆ ಗೊತ್ತು. ಅವಳು ಒಕ್ಕಲಗಿತ್ತಿ, ನಾನು ನೌಕರಿಯವರ ಹೆಂಡತಿ, ಆದರೂ ಹಿತ್ತಲ ಗೋಡೆಯ ಮೇಲೆ ನಮ್ಮ ನಡುವೆ ಹಾದುಹೋಗದ ಸುದ್ದಿಯಿಲ್ಲ. ಇಲ್ಲಿಯ ಸಂತೆಯ ಸುದ್ದಿ ಹೇಳುತ್ತ ಇಬ್ಬರೂ ತವರನ್ನು ನೆನೆಸಿಕೊಳ್ಳುತ್ತಿದ್ದೆವು. ಆ ಊರಿನಲ್ಲಿ ನನಗೆ ಇದ್ದದ್ದು ಅದೊಂದೇ ಗೋಡೆ.

ಅದನ್ನೂ ನೀವು ಉಳಿಸಲಿಲ್ಲ. ಧಾರವಾಡದ ದೊಡ್ಡ ಸಾಹೇಬರು ಚಾವಡಿಗೆ ಬಂದು ನಿಮಗೆ ಮಾಲೆ ಹಾಕಿದಾಗ, ಊರಿನ ಜನರೆಲ್ಲ ಕೂತಿದ್ದಾಗ, ನೀವು ಏನು ಹೇಳಿದಿರಿ? "ಇದೆಲ್ಲಾ ನಮ್ಮ ಮನಿಯಾಕಿ ಕಿವಿ ಪ್ರತಾಪ ರೀ. ಯಾರ ಮನ್ಯಾಗ ಒಗ್ಗರಣಿ ನಿಂತದ ಅಂತ ಕೂತಲ್ಲೇ ಹೇಳ್ತಾಳ." ಸಾಹೇಬರು ನಕ್ಕರಂತೆ. ನನ್ನನ್ನು ಹೊಗಳಿದೆನೆಂದೇ ನೀವು ತಿಳಿದಿದ್ದಿರಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನದಿಂದ ನಾನು ಬಾವಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ರೇಣವ್ವ ಗೋಡೆಗೆ ಬೆನ್ನು ಹಾಕಿ ಕೂತಳು.

ಮುಂದಿನ ಬೇಸಿಗೆಗೆ ನಮ್ಮ ಓಣಿಯಲ್ಲಿ ಎಂಥ ಒಗ್ಗರಣೆ! ಎಲ್ಲ ಮನೆಗಳಿಂದಲೂ ಚುಂಯ್ ಎನ್ನುವ ಸದ್ದು, ಕುಸುಬೆ ಎಣ್ಣೆಯ ವಾಸನೆ. ನೀವು ಅಡುಗೆಯ ಹೊತ್ತಿಗೆ ಕೈ ಹಿಂದೆ ಕಟ್ಟಿಕೊಂಡು ಓಣಿ ಸುತ್ತಿ ಬಂದು "ಊರು ಸ್ವಚ್ಛ ಅದ" ಎಂದು ರೋಣದ ಕಚೇರಿಗೆ ಬರೆದು ಹಾಕಿದಿರಿ. ರೇಣವ್ವನ ಮನೆಯಲ್ಲಿ ಹೊತ್ತಿಲ್ಲದ ಹೊತ್ತಿನಲ್ಲಿ ಸಾಸಿವೆ ಸಿಡಿಯುತ್ತದೆ, ಹೊಲದಲ್ಲಿ ದುಡಿದು ತಿನ್ನುವವರಿಗೆ ಇಷ್ಟು ಎಣ್ಣೆ ಎಲ್ಲಿಯದು, ಹೋಗಿ ಒಂದು ಮಾತು ಕೇಳಿ ಬನ್ನಿ, ಪೊಲೀಸರಿಲ್ಲದೆ ಹೋಗಿ ಎಂದು ನಾನು ಅಂಗಲಾಚಿದೆ. "ಸಪ್ಪಳ ಕೇಳಸ್ತದಲ್ಲ, ಮತ್ತೇನು?" ಎಂದಿರಿ.

ರೇಣವ್ವನ ಹಿರಿಯ ಮಗಳು ಮಾಳವ್ವ ಆ ಸದ್ದಿನೊಳಗೇ ಸತ್ತಳು. ಅಳು ಕೇಳಿದಾಗಲೇ ನಿಮಗೆ ಗೊತ್ತಾದದ್ದು. ಅಷ್ಟರಲ್ಲಿ ರೋಗ ಹೊಳೆಮಣ್ಣೂರಿನವರೆಗೆ ಹರಡಿತ್ತು.

ಮಣ್ಣು ಮಾಡಿ ಬಂದ ಮೇಲೆ ರೇಣವ್ವ ತಾನಾಗಿಯೇ ಗೋಡೆಯ ಹತ್ತಿರ ಬಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಹೇಳಿದಳು: "ನಿನ್ನ ಗಂಡನ ಕಿವಿಗೆ ಅಂಜಿ ಕೂಸಿನ ಮಗ್ಗಲದಾಗ ಎಣ್ಣಿ ಕಾಸಿದ್ನವಾ. ಬರೇ ಎಣ್ಣಿ, ಬರೇ ಸಾಸಿವಿ. ತಾಯಿ ಒಲ್ಲೆ ಅಂದದ್ದು ಮಾಡಿದೆ. ಆಕಿ ಎತಗೊಂಡು ಹೋದ್ಲು."

ಇದನ್ನು ನಿಮಗೆ ಹೇಳಿದಾಗ ನೀವು ಷರ್ಟಿನ ಗುಂಡಿ ಬಿಚ್ಚುತ್ತಿದ್ದಿರಿ. "ಮೂಢ ಮಂದಿ. ಒಗ್ಗರಣಿಗೂ ಸಿಡುಬಿಗೂ ಏನು ಸಂಬಂಧ?" ಎಂದಿರಿ.

ಸಂಬಂಧವಿಲ್ಲ ಎಂದು ನನಗೂ ಗೊತ್ತು. ಮದುವೆಯಾದ ವಾರದಲ್ಲೇ ನೀವು ಹಾಕಿದ ದೇವಿಯ ಕಲೆ ನನ್ನ ತೋಳಿನ ಮೇಲಿದೆ. ನಿಮ್ಮ ಲಸಿಕೆ ಸುಳ್ಳೆಂದು ನಾನು ಯಾವತ್ತೂ ಅಂದಿಲ್ಲ. ಆದರೆ ಒಗ್ಗರಣೆಗೂ ಸಿಡುಬಿಗೂ ಸಂಬಂಧ ಹಚ್ಚಿ, ಅದನ್ನು ಹಿಡಿದು ಪೊಲೀಸರನ್ನು ಕಳಿಸಿ, ಅದರಿಂದ ಮಾಲೆ ಹಾಕಿಸಿಕೊಂಡವರು ನೀವು. ಮಗಳು ಸತ್ತ ತಾಯಿ ಅದೇ ಸಂಬಂಧ ಹಚ್ಚಿದರೆ ಅವಳು ಮೂಢಳು. ಆ ಮಾತು ಕೇಳಿದ ಮೇಲೆ ನಿಮಗೆ ಬಡಿಸಲು ನನ್ನ ಕೈ ಏಳಲಿಲ್ಲ. ಅಣ್ಣ ವಾಸುದೇವನಿಗೆ ಹೇಳಿಕಳಿಸಿ ಹೊರಟುಬಂದೆ. ಜಗಳವಾಡಿ ಹೋದಳು ಎಂದು ನೀವು ಎಲ್ಲರಿಗೂ ಹೇಳಿದ್ದೀರಂತೆ. ಜಗಳ ಎಲ್ಲಿ ಆಡಿದೆ? ಆಡಿದ್ದರೆ ಇಷ್ಟು ಉದ್ದದ ಕಾಗದ ಬರೆಯುವ ಗರಜು ಬೀಳುತ್ತಿರಲಿಲ್ಲ.

ಇನ್ನು ನಿಮ್ಮ ಪ್ರಶ್ನೆ. ನಮ್ಮ ಓಣಿಯಲ್ಲಿ ಎಲ್ಲ ಮನೆಗಳಲ್ಲೂ ಸಾಸಿವೆ ಸಿಡಿಯುತ್ತಿದೆ. ಕಚೇರಿಗೆ ಹಾಗೆಯೇ ಬರೆದುಹಾಕಿ. ಕೊನೆಯ ಸಾಲಿಗೂ ಉತ್ತರ ಬೇಕಾದರೆ: ಬರುವುದಿಲ್ಲ. ನಿಮಗೆ ಹೆಂಡತಿ ಬೇಕಾಗಿಲ್ಲ, ಕಿವಿ ಬೇಕಾಗಿದೆ.

ಹೊಟ್ಟೆಗೆ ಸರಿಯಾಗಿ ತಿನ್ನಿ. ಖಾನಾವಳಿಯ ಸಾರು ನಿಮಗೆ ಆಗುವುದಿಲ್ಲ.

ಇಂತಿ,
ವೆಂಕೂಬಾಯಿ

ತಾ. ಕ.: ಅಣ್ಣ ನಾಳೆ ಕೋರ್ಟಿನ ಕೆಲಸಕ್ಕೆ ರೋಣಕ್ಕೆ ಬರುತ್ತಾನೆ, ಅವನ ಕೈಯಲ್ಲೇ ಕಳಿಸೋಣವೆಂದು ಕಾಗದವನ್ನು ಇನ್ನೂ ಅಂಟಿಸಿರಲಿಲ್ಲ. ಎಲ್ಲ ಮನೆಗಳಲ್ಲೂ ಎಂದು ಬರೆದೆ. ನಮ್ಮ ಮನೆಯೊಂದನ್ನು ಬಿಟ್ಟು. ರೇಣವ್ವನ ಕಿರಿಯ ಮಗಳು ನಮ್ಮ ಹಿತ್ತಲ ಕೋಣೆಯಲ್ಲಿ ಮಲಗಿದ್ದಾಳೆ, ಮುಖದ ತುಂಬ ಗುಳ್ಳೆ, ಕಣ್ಣು ಇನ್ನೂ ತೆರೆದಿಲ್ಲ. ಕೂಸಿಗೆ ಜ್ವರ ಬಂದ ಕೂಡಲೇ ರೇಣವ್ವ ನಿಮ್ಮ ಶೆಡ್ಡಿಗೆ ಹೆದರಿ ಮೆಣಸಗಿಯಿಂದ ಚಕ್ಕಡಿ ಕಟ್ಟಿಸಿ ತವರಿಗೆ ಓಡಿಬಂದಳು. ಅವಳ ಅಣ್ಣ ಬಾಗಿಲು ತೆಗೆಯಲಿಲ್ಲ. ನಮ್ಮ ಅವ್ವ, ಭಾಗೀರಥಿಬಾಯಿ, ಮಡಿಯ ಭಾಗೀರಥಿಬಾಯಿ, ತಾನೇ ಒಗ್ಗರಣೆ ನಿಲ್ಲಿಸಿದ್ದಾಳೆ. ಯಾರಿಗೆ ಬರೆಯುತ್ತೀ ಎಂದು ರೇಣವ್ವ ಕೇಳಿದಳು. ಹೇಳಿದೆ. ಕೂಸಿನ ಮೇಲೆ ಬೇವಿನ ತಪ್ಪಲು ಆಡಿಸುತ್ತ, "ಒಬ್ಬರೇ ಬರೂದಾದ್ರ ಬರ್ಲಿ" ಎಂದಳು. ಆದ್ದರಿಂದ ಈ ಸಲ ಅವಳನ್ನು ಕೇಳಿಯೇ ತಿಳಿಸುತ್ತಿದ್ದೇನೆ. ಸೂಜಿಯ ಪೆಟ್ಟಿಗೆ ತನ್ನಿ. ಓಣಿಯ ಮಕ್ಕಳ ತೋಳುಗಳೆಲ್ಲ ಇನ್ನೂ ಬರಿದಾಗಿವೆ, ನಾನೇ ನಿಮ್ಮನ್ನು ಮನೆಮನೆಗೆ ಕರೆದುಕೊಂಡು ಹೋಗುತ್ತೇನೆ. ಹಿತ್ತಲ ಬಾಗಿಲಿಗೆ ಬಂದು ಕೂಗಿ. ಓಣಿಯ ತುದಿಯಲ್ಲಿ ಪೊಲೀಸರ ಟೋಪಿ ಕಂಡರೆ, ನಾನೂ ಒಲೆಯ ಮೇಲೆ ಎಣ್ಣೆ ಇಟ್ಟು ಸಾಸಿವೆ ಹಾಕುತ್ತೇನೆ.